ಬೆಕ್ಕು ಎಲ್ಲಿಂದ ತರೋದು? ಕ್ಯಾಟ್ ಕೆಫೆ, ಫಾಸ್ಟರ್ ಮನೆ, ನಮ್ಮ ಲೈನ್ ಮನೆ

ಕೊಡಗಿನಲ್ಲಿ ಬೆಕ್ಕು ಬೇಕು ಅಂತ ಯಾರೂ ಊರೂರು ಅಲೆಯುವುದಿಲ್ಲ. ಪಕ್ಕದ ತೋಟದಲ್ಲಿ ಎಲ್ಲೋ ಮರಿ ಹಾಕಿರುತ್ತದೆ, ತಂದುಕೊಂಡರೆ ಆಯಿತು. ಆದರೆ ಈ ಸಲ ಗೋಣಿಕೊಪ್ಪದ ಹತ್ತಿರದ ನಮ್ಮ ತೋಟದ ಮನೆಗೂ, ಮಡಿಕೇರಿಯಲ್ಲಿರುವ ಅಕ್ಕನ ಮನೆಗೂ ಬೆಕ್ಕು ಬೇಕಿತ್ತು. ಅದಕ್ಕೇ ಮೂರು ಕಡೆ ಹೋಗಿ ನೋಡಿದೆವು.

ಮೊದಲು ಬೆಂಗಳೂರಿನ ಒಂದು ಕ್ಯಾಟ್ ಕೆಫೆ, ಅಂದರೆ ಬೆಕ್ಕುಗಳ ಜೊತೆ ಕೂತು ಕಾಫಿ ಕುಡಿಯುವ ಜಾಗ. 1998ರಲ್ಲಿ ತೈವಾನಿನ ತೈಪೆಯಲ್ಲಿ ಶುರುವಾದ ಪದ್ಧತಿ ಇದು. ಈ ಕೆಫೆಯಲ್ಲಿರುವುದೆಲ್ಲ ಬೀದಿಯಿಂದ ತಂದು ಚಿಕಿತ್ಸೆ ಕೊಟ್ಟ ಬೆಕ್ಕುಗಳು, ಇಷ್ಟವಾದರೆ ದತ್ತು ಪಡೆಯಬಹುದು. ಗಂಟೆ ಲೆಕ್ಕದಲ್ಲಿ ದುಡ್ಡು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕು. ಮಲಗಿರುವ ಬೆಕ್ಕನ್ನು ಎತ್ತಬಾರದು.

ಕಪಾಟಿನ ಮೇಲೆ ಒಂದು ಬೂದು ಪಟ್ಟೆಯ ಹೆಣ್ಣು ಬೆಕ್ಕು ಕೂತಿತ್ತು. ಎಡಗಿವಿಯ ತುದಿ ಚೂರು ಕತ್ತರಿಸಿತ್ತು. ಬೀದಿ ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ ಅನ್ನುವುದಕ್ಕೆ ಅದು ಗುರುತು. ಅಕ್ಕ ಕರೆಯಲಿಲ್ಲ, ಸುಮ್ನೆ ಕಾಫಿ ಕುಡಿಯುತ್ತಾ ಕೂತಳು. ತುಂಬಾ ಹೊತ್ತಾದ ಮೇಲೆ ಅದು ತಾನೇ ಇಳಿದು ಬಂತು. ಅವಳ ತೋಳು ಮೂಸಿತು, ಬ್ಯಾಗಿನ ಮೇಲೆ ಮುದುರಿಕೊಂಡು ಮಲಗಿತು. ಮರಿಯಾಗಿದ್ದರೆ ಮುಂದೆ ಹೇಗಾಗುತ್ತದೋ ಹೇಳಕ್ಕಾಗಲ್ಲ. ದೊಡ್ಡ ಬೆಕ್ಕಿನ ಸ್ವಭಾವ ಕಣ್ಣೆದುರಿಗೇ ಇರುತ್ತದೆ. ಕೆಫೆಯ ದೊಡ್ಡ ಲಾಭ ಇದೇ ಅಂತ ನನ್ನ ಅಭಿಪ್ರಾಯ. ಬೆಕ್ಕುಗಳು ಹಗಲೆಲ್ಲ ನಿದ್ದೆಯಲ್ಲೇ ಕಳೆಯುವುದರಿಂದ ಸಂಜೆ ಹೊತ್ತು ಹೋಗಿ. ಒಂದು ಕೊರತೆ ಅಂದರೆ, ಜನರನ್ನು ಕಂಡು ಹೆದರುವ ಬೆಕ್ಕು ಎಲ್ಲೋ ಮೂಲೆ ಸೇರಿರುತ್ತದೆ, ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಅಂಥ ಬೆಕ್ಕುಗಳಿಗೆ ಫಾಸ್ಟರ್ ಮನೆಯೇ ಸರಿ. ಮೈಸೂರಿನಲ್ಲಿ ಒಬ್ಬರು ತಮ್ಮ ಮನೆಯಲ್ಲೇ ಕೆಲವು ಬೆಕ್ಕುಗಳನ್ನು ದತ್ತು ಹೋಗುವವರೆಗೆ ನೋಡಿಕೊಳ್ಳುತ್ತಾರೆ. ಯಾವುದಕ್ಕೆ ಮೀನು ಆಗಿಬರಲ್ಲ, ಯಾವುದು ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಓಡುತ್ತದೆ, ಎಲ್ಲಾ ಅವರಿಗೆ ಗೊತ್ತು. ಇಷ್ಟು ವಿವರ ಕೆಫೆಯಲ್ಲಿ ನಮಗೆ ಸಿಗಲಿಲ್ಲ. ಆಯ್ಕೆ ಮಾತ್ರ ಕಡಿಮೆ.

ಎರಡೂ ಕಡೆ ಷರತ್ತು ಒಂದೇ. ಕಿಟಕಿ, ಬಾಲ್ಕನಿಗೆ ಬಲೆ ಇರಬೇಕು, ಬೆಕ್ಕನ್ನು ಹೊರಗೆ ಬಿಡಬಾರದು. ಅಕ್ಕನ ಮನೆಯಲ್ಲಿ ಅದಕ್ಕೆ ತೊಂದರೆ ಇರಲಿಲ್ಲ, ಪಟ್ಟೆ ಬೆಕ್ಕು ಮಡಿಕೇರಿಗೆ ಬಂತು. ನಮ್ಮ ಮನೆಯ ಬಾಗಿಲು ಬೆಳಗ್ಗೆಯಿಂದ ತೋಟಕ್ಕೆ ತೆರೆದೇ ಇರುತ್ತದೆ. ನಮಗೆ ಕೊಡಲ್ಲ ಅಂದರು. ಅವರು ಹೇಳಿದ್ದು ನ್ಯಾಯವೇ. ಮನೆಯೊಳಗೇ ಇದ್ದು ಅಭ್ಯಾಸವಾದ ಬೆಕ್ಕನ್ನು ನಾಯಿ, ಉರುಲು, ಚಿರತೆ ಇರುವ ಕಡೆ ಬಿಡುವುದು ಹೇಗೆ?

ಹಾಗಾಗಿ ನಮಗೆ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಮರಿಯೇ ಸರಿಯಾಯಿತು. ಕಾಫಿ ಕಣ, ಗೋದಾಮು, ತೋಟದ ನಾಯಿಗಳು, ಎಲ್ಲವನ್ನೂ ಅದು ತಾಯಿಯ ಜೊತೆ ನೋಡಿಕೊಂಡೇ ಬೆಳೆದಿದೆ. ಆದರೆ ಕೆಫೆಯವರು ಮಾಡಿಕೊಡುವ ಕೆಲಸವೆಲ್ಲ ಇಲ್ಲಿ ನಮ್ಮ ತಲೆ ಮೇಲೆ. ಕಣ್ಣು ಬಿಟ್ಟ ಕೂಡಲೇ ಮರಿ ಎತ್ತಿಕೊಂಡು ಬರುವುದು ನಮ್ಮ ಕಡೆ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ, 8 ವಾರ ತಾಯಿಯ ಹತ್ತಿರ ಇರಲಿ. ಆಮೇಲೆ ಜಂತಿನ ಔಷಧಿ, ಮೊದಲ ಲಸಿಕೆ, 3-4 ವಾರ ಬಿಟ್ಟು ಮತ್ತೊಂದು ಡೋಸ್, 12 ವಾರಕ್ಕೆ ರೇಬೀಸ್ ಚುಚ್ಚುಮದ್ದು. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ರೋಗ ಬಂದರೆ ವಾಂತಿ ಭೇದಿಯಾಗಿ ಕೆಲವೇ ದಿನದಲ್ಲಿ ಹೆಚ್ಚಿನ ಮರಿಗಳು ಹೋಗಿಬಿಡುತ್ತವೆ. ಲಸಿಕೆ ತಪ್ಪಿಸಬೇಡಿ.

ಆಪರೇಷನ್ 5-6 ತಿಂಗಳಿಗೇ ಮಾಡಿಸಬೇಕು. ಬೆಕ್ಕಿನ ಗರ್ಭ ಸುಮಾರು ಎರಡೇ ತಿಂಗಳು, ವರ್ಷದಲ್ಲಿ ಎರಡು ಮೂರು ಸಲ ಮರಿ ಹಾಕುತ್ತದೆ. ಅಷ್ಟು ಮರಿಗಳಿಗೆ ಮನೆ ಎಲ್ಲಿ ಸಿಗುತ್ತೆ? ಜಡಿಮಳೆಯಲ್ಲಿ ರಸ್ತೆ ಬದಿ ಬಿಟ್ಟುಹೋದ ಮರಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀವೂ ತೋಟದಿಂದ ಮರಿ ತರುವುದಾದರೆ, ಅದು ಹಾಲು ಬಿಟ್ಟ ಮೇಲೆ ತಾಯಿ ಬೆಕ್ಕಿಗೂ ಆಪರೇಷನ್ ಮಾಡಿಸಿ. ಲೈನ್ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ, ಖರ್ಚು ನೀವೇ ಕೊಡಿ.