ಗ್ಯಾಸ್ ಬೇಡದ ವೈರ್: 0.8 ಮಿ.ಮೀ. ಇ71ಟಿ-ಜಿಎಸ್ ಹೊಸಬರ ಕೈಗೆ ಒಗ್ಗುತ್ತದೆಯೇ?

ಗ್ಯಾಸ್ ಸಿಲಿಂಡರ್ ಇಲ್ಲದೆ ಮಿಗ್ ಮಷಿನ್‌ನಲ್ಲಿ (ವೈರನ್ನು ತಾನೇ ಹೊರತಳ್ಳುವ ವೆಲ್ಡಿಂಗ್ ಮಷಿನ್) ಕೈ ಪಳಗಿಸಲು ಹೊರಟವರಿಗೆ ಈ ಫ್ಲಕ್ಸ್ ಕೋರ್ ವೈರ್ ಸರಿಯಾದ ಆಯ್ಕೆ. ವೈರಿನ ಹೊಟ್ಟೆಯಲ್ಲಿರುವ ಫ್ಲಕ್ಸ್ ಪುಡಿಯೇ ಉರಿದು ಬೀಡ್‌ಗೆ (ಬೆಸುಗೆಯ ಗೆರೆಗೆ) ರಕ್ಷಣೆ ಕೊಡುವುದರಿಂದ ಗಾಳಿಯಾಡುವ ಬಯಲಲ್ಲೂ ಕೆಲಸ ನಡೆಯುತ್ತದೆ. 1.5ರಿಂದ 5 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು, ಆಂಗಲ್, ಪಟ್ಟಿಗಳಿಗೆ ಚೆನ್ನಾಗಿ ಹೊಂದುತ್ತದೆ. "ಬರೀ ಸಿಡಿಯುತ್ತೆ" ಎಂಬ ದೂರು ಇದರ ಮೇಲೆ ಬಹಳ. ಹೆಚ್ಚಿನ ಸಲ ತಪ್ಪು ವೈರಿನದಲ್ಲ, ಮಷಿನ್ ಸೆಟ್ ಮಾಡಿದ ರೀತಿಯದು.

ಮೊದಲು ಪೋಲಾರಿಟಿ ನೋಡಿ. ಗ್ಯಾಸ್ ಜೊತೆ ಬಳಸುವ ಸಾಲಿಡ್ ವೈರಿಗೆ ಟಾರ್ಚ್ (ವೈರ್ ಹೊರಬರುವ ಕೈಹಿಡಿ) ಪಾಸಿಟಿವ್. ಇದಕ್ಕೆ ಟಾರ್ಚ್ ನೆಗೆಟಿವ್, ಅರ್ಥ್ ಕ್ಲಾಂಪ್ ಪಾಸಿಟಿವ್. ಇದನ್ನು ಬದಲಿಸದೆ ಹೊತ್ತಿಸಿದರೆ ಆರ್ಕ್ (ಬೆಸೆಯುವ ಕಿಡಿ) ಸ್ಥಿರವಾಗಿ ಉರಿಯುವುದಿಲ್ಲ, ಸಿಡಿದ ಲೋಹದ ಹನಿಗಳು (ಸ್ಪ್ಯಾಟರ್) ಸುತ್ತಲೂ ಅಂಟಿಕೊಳ್ಳುತ್ತವೆ.

ಇನ್ನು ವೈರನ್ನು ಮುಂದಕ್ಕೆ ತಳ್ಳುವ ರೋಲರ್. ವೈರ್ ಪುಡಿ ತುಂಬಿದ ಕೊಳವೆಯಂತಿರುವುದರಿಂದ ಹಲ್ಲಿರುವ ರೋಲರ್ ಹಾಕಬೇಕು, ಬಿಗಿ ಕಡಿಮೆ ಇರಬೇಕು. ಅತಿಯಾಗಿ ಬಿಗಿದರೆ ವೈರ್ ಚಪ್ಪಟೆಯಾಗಿ ಟಾರ್ಚ್ ತುದಿಯ ಟಿಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದೆ ರೋಲರ್ ಬಳಿ ಗೋಜಲಾಗುತ್ತದೆ. ಹೊರಬರುವ ವೈರನ್ನು ಒಣಮರದ ತುಂಡಿಗೆ ಓರೆಯಾಗಿ ತಾಗಿಸಿ ನೋಡಿ: ರೋಲರ್ ಜಾರದೆ ವೈರ್ ಬಾಗಿ ಸುತ್ತಿಕೊಂಡರೆ ಅಷ್ಟು ಬಿಗಿ ಸಾಕು.

ಟಿಪ್‌ನಿಂದ ಆಚೆ 12–15 ಮಿ.ಮೀ. ವೈರ್ ಬಿಡಿ. ಟಾರ್ಚನ್ನು 10–15 ಡಿಗ್ರಿ ವಾಲಿಸಿ, ಬೀಡನ್ನು ಹಿಂದೆ ಬಿಡುತ್ತ ನಿಮ್ಮತ್ತ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಸ್ಲಾಗ್ (ಫ್ಲಕ್ಸ್‌ನಿಂದಾಗುವ ಕಿಟ್ಟ) ಕರಗಿದ ಲೋಹದ ಮುಂದೆ ಓಡಿ ಬೀಡ್‌ನೊಳಗೆ ಹೂತುಹೋಗುತ್ತದೆ. ಹೊಸಬರು ಆರ್ಕಿನ ಬೆಳಕನ್ನೇ ನೋಡುತ್ತಾರೆ. ನೋಡಬೇಕಾದದ್ದು ಅದರ ಹಿಂದಿನ ಕರಗಿದ ಲೋಹದ ಅಗಲವನ್ನು.

ವೈರಿನ ವೇಗವನ್ನು ಸದ್ದಿನಿಂದಲೇ ಹಿಡಿಯಬಹುದು. ವೇಗ ಹೆಚ್ಚಾದರೆ ವೈರ್ ಬೆಸೆಯುವ ಲೋಹಕ್ಕೆ ಗುದ್ದಿ ಟಾರ್ಚನ್ನು ಕೈಯಲ್ಲೇ ಹಿಂದಕ್ಕೆ ತಳ್ಳುತ್ತದೆ. ಕಡಿಮೆಯಾದರೆ ತುದಿಯಲ್ಲಿ ಉಂಡೆ ಕಟ್ಟಿ, ಉರಿ ಹಿಂದಕ್ಕೇರಿ ಟಿಪ್‌ಗೆ ಬೆಸೆದುಕೊಳ್ಳುತ್ತದೆ. ಮಷಿನ್ ಬಾಗಿಲಿನ ಚಾರ್ಟ್‌ನಂತೆ ವೋಲ್ಟೇಜ್ ಇಟ್ಟು, ಒಂದೇ ಸಮನೆ ಚರಚರ ಸದ್ದು ಬರುವವರೆಗೆ ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ.

ಕೊರತೆಗಳೂ ಇವೆ. ಹೊಗೆ ಹೆಚ್ಚು, ಸ್ಲಾಗ್ ಕುಟ್ಟಿ ಬ್ರಷ್ ಹಾಕಲೇಬೇಕು. 1 ಮಿ.ಮೀ. ತಗಡಿಗೆ ಇದನ್ನು ಶಿಫಾರಸು ಮಾಡಲಾರೆ, ತೂತು ಬೀಳುತ್ತದೆ. ದೊಡ್ಡ ಮಿತಿಯೆಂದರೆ ಇದು ಒಂದೇ ಪಾಸ್‌ನ (ಒಂದು ಜಾಗದಲ್ಲಿ ಒಂದೇ ಬೀಡ್ ಹಾಕುವ) ವೈರ್. ಬೀಡ್ ಮೇಲೆ ಬೀಡ್ ಹಾಕಿದರೆ ಫ್ಲಕ್ಸ್‌ನ ಅಲ್ಯೂಮಿನಿಯಂ ಬೀಡ್‌ನ ಲೋಹದಲ್ಲಿ ಹೆಚ್ಚಾಗಿ ಬೆಸುಗೆ ಪೆಡಸಾಗುತ್ತದೆ, ಬಿರುಕು ಬಿಡಬಹುದು. ದಪ್ಪ ಪ್ಲೇಟಿಗೆ ಹಲವು ಪಾಸ್ ಬೇಕಿದ್ದರೆ ಇ71ಟಿ-11 ವೈರ್ ತೆಗೆದುಕೊಳ್ಳಿ.

ಬಿಚ್ಚಿದ ಸ್ಪೂಲನ್ನು ಮಷಿನ್‌ನಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ತೇವ ಹೀರಿದ ವೈರ್ ಬೀಡ್ ಮೇಲೆ ಹುಳು ಹರಿದಂಥ ಗೀರುಗಳನ್ನು ಮೂಡಿಸುತ್ತದೆ. ಗಾಳಿಯಾಡದ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಕಟ್ಟಿಡಿ. ತುಕ್ಕು ಕಂಡರೆ ಹೊಳಪು ಸಿಗುವವರೆಗೆ ಮೇಲಿನ ಸುತ್ತುಗಳನ್ನು ಕತ್ತರಿಸಿ ಬಿಸಾಡಿ.