ಬ್ಯಾಕಪ್ ತೆರೆದು ನೋಡಿದ್ದೆ, ಆದರೂ ಅಕ್ಕನ ಫೈಲುಗಳು ಹೋದವು

ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಕಪ್ ತೆಗೆದುಕೊಳ್ಳದೆ ಕೆಟ್ಟ ಕಥೆ ಅಲ್ಲ ಇದು. ಬ್ಯಾಕಪ್ ತೆಗೆದುಕೊಂಡಿದ್ದೆ, ಎಣಿಸಿದ್ದೆ, ತೆರೆದೂ ನೋಡಿದ್ದೆ. ಇಷ್ಟಾದರೂ ಅಕ್ಕನ ಆರು ವರ್ಷದ ಕೆಲಸ ನನ್ನ ಕೈಯಿಂದಲೇ ಹಾಳಾಯಿತು.

ಅಕ್ಕ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತಾಳೆ. ಅವಳ ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ಜೊತೆಗೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಪೋರ್ಟ್ ಮುಗಿದಿತ್ತು. "ಹೇಗಿದ್ರೂ 11 ಹಾಕ್ಬೇಕಲ್ವಾ, ನೀನೇ ಮಾಡ್ಕೊಡೋ" ಅಂದಳು. ಒಪ್ಪಿಕೊಂಡೆ. ಫೈಲುಗಳೆಲ್ಲ ಎಲ್ಲಿವೆ ಅಂತ ಕೇಳಿದ್ದಕ್ಕೆ, "ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇದೆ ಕಣೋ, ‘ಕೆಲಸ’ ಅಂತ ಒಂದು ಫೋಲ್ಡರ್ ಇದೆ ನೋಡು" ಅಂದಳು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆ. ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ ಹೋಲಿಸಿದೆ. ಒಂದೂ ವ್ಯತ್ಯಾಸ ಇರಲಿಲ್ಲ. ಇನ್ನೂ ಸಮಾಧಾನ ಆಗದೆ, ಹಾರ್ಡ್ ಡಿಸ್ಕಿನಲ್ಲಿದ್ದ ‘ಕೆಲಸ’ದ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ತೆರೆಯಿತು. ಒಳಗೆ ವರ್ಷದ ಪ್ರಕಾರ ಫೋಲ್ಡರುಗಳು, ಅವುಗಳೊಳಗೆ ಫೈಲುಗಳು. ಎರಡು ಮೂರನ್ನು ತೆರೆದು ನಾಲ್ಕು ಸಾಲು ಓದಿದೆ. ಎಲ್ಲ ಸರಿ ಇತ್ತು. ಆಮೇಲೆ ಪೆನ್ ಡ್ರೈವಿನಿಂದ ಬೂಟ್ ಮಾಡಿ (ಅಂದರೆ ಲ್ಯಾಪ್‌ಟಾಪನ್ನು ಅದರಿಂದ ಶುರು ಮಾಡಿ), ಡಿಸ್ಕಿನ ಹಳೆಯ ಪಾರ್ಟಿಷನ್‌ಗಳನ್ನೆಲ್ಲ, ಅಂದರೆ ಭಾಗಗಳನ್ನೆಲ್ಲ, ಅಳಿಸಿ ವಿಂಡೋಸ್ 11 ಹಾಕಿದೆ.

ಸಂಜೆ ಫೈಲುಗಳನ್ನು ವಾಪಸ್ ಹಾಕಿ ಅಕ್ಕನ ಕೈಗೆ ಕೊಟ್ಟೆ. ಅವಳು ಮೊದಲು ಒತ್ತಿದ್ದೇ ‘ಕೆಲಸ’ವನ್ನು. "ಇದು ಓಪನ್ ಆಗ್ತಿಲ್ವಲ್ಲೋ" ಅಂದಳು. ಈ ಶಾರ್ಟ್‌ಕಟ್ ಸೂಚಿಸುವ ಜಾಗ ಈಗಿಲ್ಲ ಅನ್ನುವ ಅರ್ಥದ ಒಂದು ಸಂದೇಶ ತೆರೆಯ ಮೇಲೆ ಬಂದಿತ್ತು. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದೆ. ಗಾತ್ರ 2 ಕೆಬಿ. ಆರು ವರ್ಷದ ಕೆಲಸ, 2 ಕೆಬಿ. ಕೈ ತಣ್ಣಗಾಯಿತು.

ಡೆಸ್ಕ್‌ಟಾಪ್ ಮೇಲಿದ್ದದ್ದು ಫೋಲ್ಡರ್ ಅಲ್ಲ, ಅದರ ಶಾರ್ಟ್‌ಕಟ್. ನಿಜವಾದ ಫೋಲ್ಡರ್ ಸಿ ಡ್ರೈವಿನಲ್ಲಿ ಬೇರೆಲ್ಲೋ ಇತ್ತು. ಅಕ್ಕನಿಗೆ ಇದು ಗೊತ್ತಿರಲಿಲ್ಲ, ದಿನಾ ಅದನ್ನೇ ಒತ್ತಿ ಒಳಗೆ ಹೋಗುತ್ತಿದ್ದಳು. ನೋಡುವುದಕ್ಕೂ ಫೋಲ್ಡರಿನ ಹಾಗೇ ಇರುತ್ತದೆ. ಚಿತ್ರದ ಎಡ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು, ಅಷ್ಟೇ ವ್ಯತ್ಯಾಸ. ಫೈಲುಗಳ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಅಕ್ಷರಗಳು) ತೋರಿಸು ಅಂತ ಸೆಟ್ಟಿಂಗ್ ಬದಲಿಸಿದರೂ ಶಾರ್ಟ್‌ಕಟ್‌ನದ್ದನ್ನು ವಿಂಡೋಸ್ ತೋರಿಸುವುದಿಲ್ಲ.

ಹಾಗಾದರೆ ಹಾರ್ಡ್ ಡಿಸ್ಕಿನಿಂದ ತೆರೆದಾಗ ಎಲ್ಲ ಫೈಲುಗಳೂ ಹೇಗೆ ಕಂಡವು? ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು ಅಂತಲೇ ಬರೆಯುತ್ತಿದ್ದೇನೆ. ಶಾರ್ಟ್‌ಕಟ್ ಅಂದರೆ ವಿಳಾಸದ ಚೀಟಿ. ಚೀಟಿಯನ್ನು ಎಲ್ಲಿಗೆ ಕಾಪಿ ಮಾಡಿದರೂ ಅದರಲ್ಲಿ ಬರೆದಿರುವ ವಿಳಾಸ ಅದೇ. ನಾನು ಪರೀಕ್ಷೆ ಮಾಡಿದ್ದು ಅದೇ ಲ್ಯಾಪ್‌ಟಾಪಿನಲ್ಲಿ. ಆಗ ಸಿ ಡ್ರೈವಿನ ಫೋಲ್ಡರ್ ಇನ್ನೂ ಹಾಗೇ ಇತ್ತು. ಹಾರ್ಡ್ ಡಿಸ್ಕಿನಲ್ಲಿದ್ದ ಚೀಟಿ ನನ್ನನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಯಿತು. ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರಿನ ಬದಲು ಸಿ ಡ್ರೈವ್ ಅಂತ ಬಂದಿರಬೇಕು. ನಾನು ಅದನ್ನು ನೋಡಲಿಲ್ಲ. ನನ್ನ ಕಣ್ಣೆಲ್ಲ ಫೈಲುಗಳ ಮೇಲಿತ್ತು. ಎಣಿಕೆ ತಾಳೆಯಾಗಿದ್ದೂ ಇದಕ್ಕೇ. ಶಾರ್ಟ್‌ಕಟ್ ಆ ಕಡೆ ಒಂದು ಫೈಲು, ಈ ಕಡೆಯೂ ಒಂದು ಫೈಲು.

ರಿಕವರಿ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಹುಡುಕಿಸಿದೆ. ಏನೂ ಸಿಗಲಿಲ್ಲ. ಹಳೇ ತರಹದ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಕ್ವಿಕ್ ಫಾರ್ಮ್ಯಾಟ್ ಆದಮೇಲೂ ಹೊಸದೇನೂ ಬರೆಯದ ಜಾಗದಲ್ಲಿ ಹಳೆಯ ಡೇಟಾ ಉಳಿದಿರುತ್ತದೆ, ಎಷ್ಟೋ ಸಲ ವಾಪಸ್ ಸಿಗುತ್ತದೆ. ಅಕ್ಕನ ಲ್ಯಾಪ್‌ಟಾಪಿನಲ್ಲಿದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೆ ‘ಟ್ರಿಮ್’ ಅನ್ನುವ ಸೂಚನೆ ಕಳಿಸುತ್ತದೆ, ಅಂದರೆ ಈ ಜಾಗ ಇನ್ನು ಬೇಡ ಅಂತ ಹೇಳುತ್ತದೆ. ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಅಲ್ಲಿಗೆ ಸಾಮಾನ್ಯವಾಗಿ ಮುಗಿಯಿತು. ‘ಹೋದರೆ ರಿಕವರಿ ಮಾಡಿಸಿದರಾಯ್ತು’ ಅನ್ನುವ ಧೈರ್ಯ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಕೆಲಸ ಕೊಟ್ಟವರಿಗೆ ಮೇಲ್ ಮಾಡಿದ್ದ ಅನುವಾದಗಳು ಸೆಂಟ್ ಫೋಲ್ಡರಿನಲ್ಲಿ ಸಿಕ್ಕವು. ಆದರೆ ಅವಳ ಪದಪಟ್ಟಿ ಹೋಯಿತು. ಯಾವ ಇಂಗ್ಲಿಷ್ ಪದಕ್ಕೆ ಯಾವ ಕನ್ನಡ ಪದ ಹೊಂದಿತು, ಯಾಕೆ ಹೊಂದಿತು ಅಂತ ಆರು ವರ್ಷ ಬರೆದಿಟ್ಟುಕೊಂಡಿದ್ದ ಪಟ್ಟಿ ಅದು. ಅದನ್ನು ಯಾರಿಗೂ ಕಳಿಸಿರಲಿಲ್ಲ. ಅಕ್ಕ ನನ್ನನ್ನು ಬೈಯಲಿಲ್ಲ. ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು. ಬೈದಿದ್ದರೇ ವಾಸಿ ಇತ್ತು.

ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ಬ್ಯಾಕಪ್ ಆದಮೇಲೆ ಹಾರ್ಡ್ ಡಿಸ್ಕನ್ನು ಆ ಕಂಪ್ಯೂಟರಿನಿಂದ ಕಿತ್ತು, ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲಿ ತೆರೆದು ನೋಡಿ. ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಗೆಳೆಯರ ಹತ್ತಿರ ಹೋಗಿ. ನಾನು ಇದೊಂದನ್ನು ಮಾಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಕ್ಲೌಡ್ ಬಳಸುವವರಿಗೂ ಇಂಥದೇ ಒಂದು ಅಪಾಯ ಇದೆ. ಮೈಕ್ರೋಸಾಫ್ಟಿನ ಕ್ಲೌಡ್ ಆದ ಒನ್‌ಡ್ರೈವ್ ಫೋಲ್ಡರಿನಲ್ಲಿ ಮೋಡದ ಗುರುತಿರುವ ಫೈಲುಗಳ ಹೆಸರು ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿರುತ್ತದೆ, ಒಳಗಿನದ್ದೆಲ್ಲ ಇಂಟರ್‌ನೆಟ್ಟಿನಲ್ಲಿರುತ್ತದೆ. ಆ ಖಾತೆಯ ಪಾಸ್‌ವರ್ಡ್ ನೆನಪಿದೆಯಾ ಅಂತ ಮೊದಲೇ ಬೇರೆ ಕಡೆಯಿಂದ ಲಾಗಿನ್ ಆಗಿ ನೋಡಿ. ಡಿ ಡ್ರೈವಿಗೆ ಕಾಪಿ ಮಾಡಿ ನಿಶ್ಚಿಂತೆಯಾಗಿರುವವರೂ ತುಂಬಾ ಜನ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್‌ಗಳಿಗೆ ಸಿ, ಡಿ ಅನ್ನುವುದರ ಬದಲು ನಂಬರ್ ಇರುತ್ತದೆ, ಒಂದು ತಪ್ಪು ಕ್ಲಿಕ್ ಸಾಕು. ಡಿ ಡ್ರೈವಿಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗ ಇದ್ದರೆ, ಅದರ 48 ಅಂಕಿಯ ರಿಕವರಿ ಕೀ ಇಲ್ಲದೆ ಹೊಸ ವಿಂಡೋಸ್‌ನಲ್ಲಿ ಅದು ತೆರೆಯದೇ ಹೋಗಬಹುದು. ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನು ಪೆನ್ ಡ್ರೈವ್. ಬೂಟ್ ಮಾಡುವ ಪೆನ್ ಡ್ರೈವ್ ತಯಾರಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ಪೂ ಅದರಲ್ಲೇ ಇದ್ದರೆ ಏನಾಗುತ್ತೆ ಹೇಳಿ? ಇದಕ್ಕೇ ಅಂತ ಬೇರೆ ಪೆನ್ ಡ್ರೈವ್ ಇಟ್ಟುಕೊಳ್ಳಿ. ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು, ಥಂಡರ್‌ಬರ್ಡ್ ಅನ್ನುವ ಮೇಲ್ ಸಾಫ್ಟ್‌ವೇರಿನ ಮೇಲ್‌ಗಳು, ಇವೆಲ್ಲ ‘ಆಪ್‌ಡೇಟಾ’ ಅನ್ನುವ ಅಡಗಿದ ಫೋಲ್ಡರಿನಲ್ಲಿರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿದರೆ ಇವು ಬರುವುದಿಲ್ಲ.

ಸಾಧ್ಯವಾದರೆ ಹಳೇ ಡಿಸ್ಕನ್ನು ತೆಗೆದಿಟ್ಟು ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ. ನನ್ನ ಪ್ರಕಾರ ಇದಕ್ಕಿಂತ ಭದ್ರವಾದ ದಾರಿ ಇಲ್ಲ. ಏನು ಮರೆತಿದ್ದರೂ ಹಳೇ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಅದಾಗದಿದ್ದರೆ ಆ ಕಂಪ್ಯೂಟರ್ ಬಳಸುವವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ದಿನಾ ತೆರೆಯುವ ಒಂದೊಂದೇ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಅವರ ಕೈಯಿಂದಲೇ ತೆರೆಸಿ. ಅಕ್ಕ ಆವತ್ತು ಪಕ್ಕದ ಕೋಣೆಯಲ್ಲೇ ಇದ್ದಳು. ನಾನು ಕರೆಯಲಿಲ್ಲ.

ಅವಳು ಪದಪಟ್ಟಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದಾಳೆ. ನೆನಪಾದ ಹಾಗೆ ಒಂದೊಂದೇ ಪದ ಸೇರಿಸುತ್ತಾಳೆ. ಪ್ರತಿ ಭಾನುವಾರ ಅದರ ಕಾಪಿ ನನಗೆ ಬರುತ್ತದೆ. ನನ್ನ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ಪದ ಯಾವುದು ಅಂತ ಅವಳಿಗೆ ಮೆಸೇಜ್ ಮಾಡುತ್ತೇನೆ.