ಡೈರೆಕ್ಟ್ ಡೆಬಿಟ್: ತಿಂಗಳಿಗೊಂದೇ ಮೊತ್ತವೋ, ಬಳಸಿದಷ್ಟಕ್ಕೇ ಹಣವೋ?

ಬ್ರಿಟನ್ನಿನಲ್ಲಿ ಮನೆ ಮಾಡಿದವರಿಗೆ ವಿದ್ಯುತ್ತು ಮತ್ತು ಗ್ಯಾಸಿನ ಹಣ ಕಟ್ಟಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಪ್ರತಿ ತಿಂಗಳೂ ನಮ್ಮ ಬ್ಯಾಂಕ್ ಖಾತೆಯಿಂದ ತಾನಾಗಿ ಒಂದೇ ಮೊತ್ತ ಕಡಿತವಾಗುವ ನಿಗದಿತ ಡೈರೆಕ್ಟ್ ಡೆಬಿಟ್ ಒಂದು. ಆಯಾ ತಿಂಗಳ ಬಿಲ್ಲು ಎಷ್ಟೋ ಅಷ್ಟೇ ಕಡಿತವಾಗುವ ಡೈರೆಕ್ಟ್ ಡೆಬಿಟ್ ಇನ್ನೊಂದು. ಬಿಲ್ಲು ಕೈಗೆ ಬಂದ ಮೇಲೆ ನಾವೇ ಕಟ್ಟುವುದು ಮೂರನೆಯದು. ಮೊದಲೇ ಹಣ ತುಂಬಿ ಆಮೇಲೆ ಬಳಸುವ ಪ್ರಿಪೇಮೆಂಟ್ ಮೀಟರ್ ನಾಲ್ಕನೆಯದು. ಬಾಡಿಗೆಯ ಫ್ಲ್ಯಾಟಿನಿಂದ ಮಿಲ್ಟನ್ ಕೀನ್ಸ್‌ನ ಈಗಿನ ಮೂರು ಕೋಣೆಯ ಮನೆಗೆ ಬರುವಷ್ಟರಲ್ಲಿ ಈ ನಾಲ್ಕನ್ನೂ ನಾನು ಬಳಸಿ ನೋಡಿದ್ದೇನೆ. ಕೊನೆಯ ಎರಡನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನಿಜವಾದ ಪೈಪೋಟಿ ಇರುವುದು ಎರಡು ಬಗೆಯ ಡೈರೆಕ್ಟ್ ಡೆಬಿಟ್‌ಗಳ ನಡುವೆ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಅದು ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ಪ್ರಕಟಿಸುವ ದರದ ಮಿತಿ. 2019ರ ಜನವರಿಯಲ್ಲಿ ಜಾರಿಗೆ ಬಂದ ಈ ಮಿತಿಯನ್ನು ಮೊದಲು ಆರು ತಿಂಗಳಿಗೊಮ್ಮೆ ಪರಿಷ್ಕರಿಸಲಾಗುತ್ತಿತ್ತು, 2022ರ ಅಕ್ಟೋಬರಿನಿಂದ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಲಾಗುತ್ತಿದೆ. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಿತಿ, ಡೈರೆಕ್ಟ್ ಡೆಬಿಟ್ ಮೂಲಕ ಕಟ್ಟುವವರಿಗೆ ವರ್ಷಕ್ಕೆ 1,720 ಪೌಂಡ್ ಎಂದಿತ್ತು. ವರ್ಷಕ್ಕೆ 1,720ಕ್ಕಿಂತ ಹೆಚ್ಚು ಕಟ್ಟಬೇಕಾಗಿಲ್ಲ ಎಂದು ಇದನ್ನು ಅರ್ಥಮಾಡಿಕೊಳ್ಳುವವರು ಈಗಲೂ ಸಿಗುತ್ತಾರೆ. ಮಿತಿ ಇರುವುದು ಒಟ್ಟು ಬಿಲ್ಲಿಗಲ್ಲ, ಒಂದು ಯೂನಿಟ್ಟಿನ (ಕಿಲೋವ್ಯಾಟ್-ಅವರ್) ದರಕ್ಕೆ ಮತ್ತು ಬಳಸಿದರೂ ಬಿಟ್ಟರೂ ಕಟ್ಟಲೇಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ವರ್ಷಕ್ಕೆ 2,700 ಯೂನಿಟ್ ವಿದ್ಯುತ್ತು ಮತ್ತು 11,500 ಯೂನಿಟ್ ಗ್ಯಾಸ್ ಬಳಸುವ ಮನೆಗೆ ಎಷ್ಟಾಗುತ್ತದೆ ಎಂಬ ಲೆಕ್ಕವಷ್ಟೇ ಆ 1,720.

ಇದೇ ಅವಧಿಯಲ್ಲಿ ಬಿಲ್ಲು ಬಂದ ಮೇಲೆ ಕಟ್ಟುವವರ ಮಿತಿ 1,855 ಪೌಂಡ್, ಪ್ರಿಪೇಮೆಂಟ್‌ನವರದು 1,672. ಅಂದರೆ ಅದೇ ಯೂನಿಟ್ಟುಗಳನ್ನು ಬಳಸಿ, ಹಣವನ್ನು ಮಾತ್ರ ತಾನೇ ಕಟ್ಟುತ್ತೇನೆ ಎನ್ನುವವನು ಆಗ ವರ್ಷಕ್ಕೆ 135 ಪೌಂಡ್ ಹೆಚ್ಚು ತೆರುತ್ತಿದ್ದ. ಬಿಲ್ಲನ್ನು ಓದಿ, ಸರಿಯೆನಿಸಿದ ಮೇಲೆಯೇ ಹಣ ಬಿಡುವ ಸಮಾಧಾನ ಈ ಪದ್ಧತಿಯಲ್ಲಿ ಇದೆಯೆಂಬುದು ನಿಜ; ಆದರೆ ಆ ಸಮಾಧಾನಕ್ಕೆ ತಿಂಗಳಿಗೆ ಹನ್ನೊಂದು ಪೌಂಡ್ ದುಬಾರಿ ಬೆಲೆ ಎಂದೇ ನನ್ನ ಅಭಿಪ್ರಾಯ.

ಪ್ರಿಪೇಮೆಂಟ್ ಮೀಟರ್ ಬಗ್ಗೆ ಇರುವ ಹಳೆಯ ಅಪವಾದವನ್ನು ಈಗ ತಿದ್ದಿಕೊಳ್ಳಬೇಕು. ಬಹುಕಾಲ ಅದೇ ಅತ್ಯಂತ ದುಬಾರಿಯಾಗಿತ್ತು, ಬಡವರೇ ಹೆಚ್ಚು ತೆರಬೇಕಾದ ವಿಪರೀತ ಅದರಲ್ಲಿತ್ತು. 2023ರ ಜುಲೈನಿಂದ ಆ ವ್ಯತ್ಯಾಸವನ್ನು ತೆಗೆದುಹಾಕಲಾಯಿತು. ದರದಲ್ಲಿ ಈಗ ಅದು ಅಗ್ಗವಾದರೂ ಬದುಕು ಸುಲಭವಾಗುವುದಿಲ್ಲ. ನಮ್ಮ ಹಳೆಯ ಫ್ಲ್ಯಾಟಿನಲ್ಲಿ ವಿದ್ಯುತ್ತಿಗೆ ಪ್ಲಾಸ್ಟಿಕ್ ಕೀಲಿ, ಗ್ಯಾಸಿಗೆ ಕಾರ್ಡು. ಎರಡನ್ನೂ ಹಿಡಿದು ಮೂಲೆಯಂಗಡಿಗೆ ಹೋಗಿ ಟಾಪ್‌ಅಪ್ ಮಾಡಿಸಿಕೊಂಡು ಬಂದು ಮೀಟರಿಗೆ ಸಿಕ್ಕಿಸಬೇಕಿತ್ತು. ಚಳಿಗಾಲದ ಒಂದು ವಾರಕ್ಕೆ ಬೇಕಾದ ಹಣ ಬೇಸಿಗೆಯ ಒಂದು ತಿಂಗಳಿಗೆ ಸಾಕಾಗುತ್ತಿತ್ತು. ಜೇಬು ಖಾಲಿಯಾಗಿರುವ ದಿನವೇ ಮೀಟರೂ ಖಾಲಿಯಾಗುವ ಸಂಭವ ಹೆಚ್ಚು. ಅಂಕಿಯನ್ನು ತಾನಾಗಿಯೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೆ ಫೋನಿನಲ್ಲಿಯೇ ಟಾಪ್‌ಅಪ್ ಆಗುತ್ತದೆ, ಅಷ್ಟರಮಟ್ಟಿಗೆ ಓಡಾಟ ತಪ್ಪುತ್ತದೆ. ಕೆಲವೇ ತಿಂಗಳು ಇದ್ದು ಮನೆ ಬದಲಿಸುವ ವಿದ್ಯಾರ್ಥಿಗಳಿಗೆ, ಒಂದೇ ಮನೆಯನ್ನು ಹಂಚಿಕೊಂಡು ಲೆಕ್ಕ ಅಲ್ಲಲ್ಲಿಗೇ ಮುಗಿಸಬೇಕೆನ್ನುವವರಿಗೆ ಇದು ಬೇಡವೆಂದು ನಾನು ಹೇಳಲಾರೆ.

ಇನ್ನು ನಿಗದಿತ ಡೈರೆಕ್ಟ್ ಡೆಬಿಟ್. ಈ ದೇಶದ ಬಹುತೇಕ ಮನೆಗಳು ನಡೆಯುವುದು ಇದರಲ್ಲೇ, ಹೊಸ ಖಾತೆ ತೆರೆದಾಗ ಕಂಪನಿಗಳು ಮೊದಲು ಮುಂದಿಡುವುದೂ ಇದನ್ನೇ. ಕಂಪನಿಯು ನಮ್ಮ ವರ್ಷದ ಬಳಕೆಯನ್ನು ಅಂದಾಜು ಮಾಡಿ, ಹನ್ನೆರಡರಿಂದ ಭಾಗಿಸಿ, ಬಂದ ಮೊತ್ತವನ್ನು ಪ್ರತಿ ತಿಂಗಳೂ ಬ್ಯಾಂಕಿನಿಂದ ತೆಗೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮೀಟರ್ ಓದುವವರು ಬಾಗಿಲಿಗೆ ಬಂದು, ಕೈಯಲ್ಲಿರುವ ಯಂತ್ರದಿಂದ ಆ ತಿಂಗಳ ಬಿಲ್ಲನ್ನು ಅಲ್ಲಿಯೇ ಹರಿದುಕೊಡುವ ಬೆಸ್ಕಾಂ ಪದ್ಧತಿಗೆ ಒಗ್ಗಿಕೊಂಡು ಬಂದವರಿಗೆ, ಹೀಟರನ್ನು ಮುಟ್ಟದ ಜುಲೈ ತಿಂಗಳಲ್ಲಿಯೂ 140 ಪೌಂಡ್ ಕಡಿತವಾಗುವುದು ಅನ್ಯಾಯವೆಂದೇ ತೋರುತ್ತದೆ. ನಮ್ಮ ಮನೆಯಲ್ಲಿ ಜುಲೈನ ನಿಜವಾದ ಖರ್ಚು ಸುಮಾರು 75 ಪೌಂಡ್, ಜನವರಿಯದು 250ಕ್ಕೂ ಹೆಚ್ಚು. ಬೇಸಿಗೆಯಲ್ಲಿ ಹೆಚ್ಚಾಗಿ ಹೋದ ಹಣ ನಮ್ಮ ಖಾತೆಯಲ್ಲಿ ಜಮೆಯಾಗಿದ್ದು ಚಳಿಗಾಲದಲ್ಲಿ ಕರಗುತ್ತದೆ ಎಂಬುದು ಇದರ ತರ್ಕ. ತರ್ಕದಲ್ಲಿ ದೋಷವಿಲ್ಲ. ಸಂಬಳದಾರರ ಮನೆಗೆ ಪ್ರತಿ ತಿಂಗಳೂ ಒಂದೇ ಅಂಕಿ ಎಂಬುದು ದೊಡ್ಡ ಅನುಕೂಲ. ಬಾಡಿಗೆ ಅಥವಾ ಸಾಲದ ಕಂತು, ಕೌನ್ಸಿಲ್ ತೆರಿಗೆ, ಮಗುವಿನ ನರ್ಸರಿ ಇವುಗಳ ಜೊತೆಗೆ ಇದನ್ನೂ ಬರೆದಿಟ್ಟು ನಿಶ್ಚಿಂತೆಯಿಂದ ಇರಬಹುದು.

ಆದರೆ ಈ ತರ್ಕವೆಲ್ಲ ಖಾತೆಯನ್ನು ಯಾವ ತಿಂಗಳಲ್ಲಿ ಆರಂಭಿಸಿದೆವು ಎಂಬುದರ ಮೇಲೆ ನಿಂತಿದೆ, ಮತ್ತು ಇದನ್ನು ಗ್ರಾಹಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಶುರುಮಾಡಿದವರು ಅಕ್ಟೋಬರ್ ಹೊತ್ತಿಗೆ ಕಂಪನಿಗೆ ಕೆಲವು ನೂರು ಪೌಂಡ್ ಸಾಲ ಕೊಟ್ಟಂತೆ ಆಗಿರುತ್ತದೆ. ನವೆಂಬರ್‌ನಲ್ಲಿ ಶುರುಮಾಡಿದವರು ಏಪ್ರಿಲ್ ಹೊತ್ತಿಗೆ ಕಂಪನಿಯಿಂದ ಅಷ್ಟೇ ಸಾಲ ಪಡೆದಂತೆ ಆಗಿರುತ್ತದೆ. ನಾವು ಎರಡನೆಯ ಗುಂಪಿನವರು. 2024ರ ನವೆಂಬರ್‌ನಲ್ಲಿ 140 ಪೌಂಡಿನಂತೆ ಆರಂಭವಾದ ಖಾತೆಯಲ್ಲಿ ಮರುವರ್ಷದ ಜುಲೈ ಹೊತ್ತಿಗೆ ಸುಮಾರು 300 ಪೌಂಡ್ ಬಾಕಿ ಕಾಣುತ್ತಿತ್ತು. ಕಂಪನಿಯ ಗಣಕಯಂತ್ರ ಅದನ್ನು ಕಂಡು, ಮುಂದಿನ ತಿಂಗಳಿನಿಂದ 176 ಪೌಂಡ್ ಕಡಿತ ಮಾಡಲಾಗುವುದೆಂದು ಈಮೇಲ್ ಕಳಿಸಿತು.

ಇಂಥ ಈಮೇಲ್ ಬಂದಾಗ ಗಾಬರಿಯಾಗುವುದಕ್ಕಿಂತ ಕಾಗದ ಪೆನ್ನು ಹಿಡಿಯುವುದು ಮೇಲು. ಮೊದಲು ಬಿಲ್ಲಿನಲ್ಲಿರುವ ಮೀಟರ್ ಅಂಕಿಯ ಪಕ್ಕದಲ್ಲಿ ಅದು ನಿಜವಾಗಿ ಓದಿದ್ದೇ, ಅಂದಾಜೇ ಎಂಬ ಗುರುತನ್ನು ನೋಡಬೇಕು. ಅಂದಾಜಿನ ಮೇಲೆ ಅಂದಾಜು ಕಟ್ಟಿದ ಮೊತ್ತದ ಬಗ್ಗೆ ವಾದಿಸಿ ಪ್ರಯೋಜನವಿಲ್ಲ, ಮೊದಲು ಮೀಟರಿನ ಫೋಟೋ ಕಳಿಸಬೇಕು. ಗ್ಯಾಸ್ ಮೀಟರ್ ಸಾಮಾನ್ಯವಾಗಿ ತೋರಿಸುವುದು ಯೂನಿಟ್ಟನ್ನಲ್ಲ, ಘನ ಮೀಟರನ್ನು. ಅದನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲಿಯೇ ಮುದ್ರಿಸಿರುವ ಶಾಖಮೌಲ್ಯದಿಂದ (ಅದು 39ರ ಆಸುಪಾಸಿನಲ್ಲಿ ಇರುತ್ತದೆ) ಮತ್ತೆ ಗುಣಿಸಿ, 3.6ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಸ್ಥೂಲವಾಗಿ ಒಂದು ಘನ ಮೀಟರಿಗೆ ಹನ್ನೊಂದು ಯೂನಿಟ್ ಎಂದು ನೆನಪಿಟ್ಟುಕೊಂಡರೆ ಸಾಕು. ನಮ್ಮ ವರ್ಷದ ಬಳಕೆ ವಿದ್ಯುತ್ತು 2,900 ಯೂನಿಟ್, ಗ್ಯಾಸ್ 12,000 ಯೂನಿಟ್ ಎಂದು ಬಂತು. ಆಗಿನ ಮಿತಿಯ ಸರಾಸರಿ ದರದಂತೆ ವಿದ್ಯುತ್ತಿಗೆ ಯೂನಿಟ್ಟಿಗೆ 25.73 ಪೆನ್ಸ್, ಗ್ಯಾಸಿಗೆ 6.33 ಪೆನ್ಸ್, ಎರಡರ ಸ್ಟ್ಯಾಂಡಿಂಗ್ ಚಾರ್ಜ್ ಸೇರಿ ದಿನಕ್ಕೆ ಸುಮಾರು 81 ಪೆನ್ಸ್. ಎಲ್ಲ ಕೂಡಿದರೆ ವರ್ಷಕ್ಕೆ 1,802 ಪೌಂಡ್, ತಿಂಗಳಿಗೆ 150. ಉಳಿದ 26 ಪೌಂಡ್ ಎಲ್ಲಿಂದ ಬಂತೆಂದರೆ, ಬಾಕಿಯಾಗಿದ್ದ ಮುನ್ನೂರನ್ನು ಹನ್ನೆರಡು ತಿಂಗಳಿಗೆ ಹಂಚಿದ್ದರಿಂದ.

ಆ ಬಾಕಿಯ ಬಹುಪಾಲು ಮುಂದಿನ ನಾಲ್ಕು ಬೆಚ್ಚಗಿನ ತಿಂಗಳುಗಳಲ್ಲಿ ತಾನಾಗಿಯೇ ತೀರುವಂಥದ್ದು. ಈ ಲೆಕ್ಕವನ್ನು ಬರೆದು, 150 ಪೌಂಡ್ ಸಾಕೆಂದೂ, ವರ್ಷ ತುಂಬುವಾಗ ಉಳಿಯುವ ಎಪ್ಪತ್ತೈದರಷ್ಟು ಪೌಂಡನ್ನು ಒಮ್ಮೆಲೇ ಕಟ್ಟುವೆನೆಂದೂ ತಿಳಿಸಿದ ಮೇಲೆ ಕಂಪನಿ ಒಪ್ಪಿತು. ಒಪ್ಪಲೇಬೇಕಾದ ಆಧಾರವೂ ಇದೆ: ಲಭ್ಯವಿರುವ ಉತ್ತಮ ಮಾಹಿತಿಯ ಮೇಲೆಯೇ ಮೊತ್ತವನ್ನು ನಿಗದಿ ಮಾಡಬೇಕೆಂಬುದು ಕಂಪನಿಗಳ ಲೈಸೆನ್ಸಿನ ಷರತ್ತು. ಆದ್ದರಿಂದ ‘ದಯವಿಟ್ಟು ಕಡಿಮೆ ಮಾಡಿ’ ಎಂದು ಕೇಳುವುದಕ್ಕಿಂತ ‘ಈ ಮೊತ್ತಕ್ಕೆ ಹೇಗೆ ಬಂದಿರಿ, ಲೆಕ್ಕ ತೋರಿಸಿ’ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಎಂಟು ವಾರಗಳಲ್ಲಿ ದೂರು ಬಗೆಹರಿಯದಿದ್ದರೆ ಇಂಧನ ಗ್ರಾಹಕರ ದೂರುಗಳನ್ನು ವಿಚಾರಿಸುವ ಸ್ವತಂತ್ರ ಸಂಸ್ಥೆಯಾದ ಎನರ್ಜಿ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ನಮ್ಮ ಹಣ ಕಂಪನಿಯ ಬಳಿ ಉಳಿದಿರುವಾಗಿನ ಅಪಾಯವನ್ನೂ ಇಲ್ಲಿಯೇ ಹೇಳಬೇಕು. 2021ರಲ್ಲಿ ಸಗಟು ಗ್ಯಾಸಿನ ಬೆಲೆ ಏರಿದಾಗ ಇಲ್ಲಿನ ಸಣ್ಣಪುಟ್ಟ ಸರಬರಾಜು ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಅದೇ ವರ್ಷದ ನವೆಂಬರ್‌ನಲ್ಲಿ ದೊಡ್ಡದೇ ಆಗಿದ್ದ ‘ಬಲ್ಬ್’ ಎಂಬ ಸರಬರಾಜು ಕಂಪನಿಯೂ ಸರ್ಕಾರದ ಹಣದಿಂದ ನಡೆಯುವ ವಿಶೇಷ ಆಡಳಿತಕ್ಕೆ ಒಳಪಟ್ಟಿತು. ಆಫ್‌ಜೆಮ್‌ನ ರಕ್ಷಣಾ ವ್ಯವಸ್ಥೆಯಿಂದಾಗಿ ಮನೆಬಳಕೆಯ ಗ್ರಾಹಕರ ಜಮೆ ಹಣ ಹೋಗಲಿಲ್ಲ. ಆದರೆ ಆ ನಷ್ಟವನ್ನು ತುಂಬಿದ್ದು ಕೊನೆಗೆ ಎಲ್ಲ ಗ್ರಾಹಕರ ಬಿಲ್ಲುಗಳೇ. ಹಣ ಸುರಕ್ಷಿತ ಎಂಬ ಕಾರಣಕ್ಕೆ ನಾನೂರು, ಐನೂರು ಪೌಂಡ್ ಜಮೆ ಸುಮ್ಮನೆ ಬಿದ್ದಿರಲಿ ಎಂದು ಬಿಡುವವರನ್ನು ಕಂಡರೆ ನನಗೆ ಆಶ್ಚರ್ಯ. ವಾಪಸು ಕೇಳುವ ಹಕ್ಕಿದೆ. ಕೇಳುವ ಸರಿಯಾದ ಸಮಯ ಏಪ್ರಿಲ್, ಚಳಿಗಾಲದ ಖರ್ಚೆಲ್ಲ ಕಳೆದ ಮೇಲೂ ಜಮೆ ಉಳಿದಿದ್ದರೆ ಅದು ನಿಜವಾಗಿಯೂ ಹೆಚ್ಚಿನ ಹಣ. ಅಕ್ಟೋಬರ್‌ನಲ್ಲಿ ಕೇಳಿ ಪಡೆದವರು ಜನವರಿಯಲ್ಲಿ ಅದನ್ನೇ ಮತ್ತೆ ಕಟ್ಟುತ್ತಾರೆ.

ಕಳೆದ ನವೆಂಬರಿನಿಂದ ನಾವು ಬಳಸಿದಷ್ಟಕ್ಕೇ ಕಟ್ಟುವ ಡೈರೆಕ್ಟ್ ಡೆಬಿಟ್‌ಗೆ ಬದಲಾಗಿದ್ದೇವೆ. ಇದೂ ಡೈರೆಕ್ಟ್ ಡೆಬಿಟ್ಟೇ ಆದ್ದರಿಂದ ನಮಗೆ ದರದಲ್ಲಿ ವ್ಯತ್ಯಾಸವಾಗಲಿಲ್ಲ. ಆದರೆ ಎಲ್ಲ ಕಂಪನಿಗಳೂ, ಎಲ್ಲ ಟ್ಯಾರಿಫ್‌ಗಳಲ್ಲೂ ಇದನ್ನು ಕೊಡುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಇದಕ್ಕೆ ಸ್ಮಾರ್ಟ್ ಮೀಟರ್ ಇರಲೇಬೇಕು ಎಂಬಷ್ಟರಮಟ್ಟಿಗೆ ನಾನು ಹೇಳುತ್ತೇನೆ. ತಿಂಗಳ ಕೊನೆಗೆ ತಪ್ಪದೆ ಅಂಕಿ ಹೋಗದಿದ್ದರೆ ಬಿಲ್ಲು ಮತ್ತೆ ಅಂದಾಜಿಗೆ ಇಳಿಯುತ್ತದೆ, ಆಗ ಈ ಪದ್ಧತಿಗೆ ಅರ್ಥವೇ ಉಳಿಯುವುದಿಲ್ಲ. ನಮ್ಮ ಮೊದಲ ಬಿಲ್ಲು 175 ಪೌಂಡ್, ಡಿಸೆಂಬರಿನದು 225, ಜನವರಿಯದು 255. ತಿಂಗಳ ಬಿಲ್ಲು ಕೈಗೆ ಬಂದು ಕೆಲವು ದಿನಗಳಾದ ಮೇಲೆ ಅಷ್ಟೇ ಮೊತ್ತ ಕಡಿತವಾಗುತ್ತದೆ. ಬಾಕಿ, ಜಮೆ ಎರಡೂ ಇಲ್ಲ.

ಇದರ ಗುಣವೇ ಇದರ ದೋಷವೂ ಹೌದು. ಕ್ರಿಸ್‌ಮಸ್ ಖರ್ಚು, ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟು ಇವೆಲ್ಲ ಒಟ್ಟಿಗೆ ಬರುವ ಕಾಲದಲ್ಲಿಯೇ ಬಿಲ್ಲೂ ಶಿಖರಕ್ಕೇರುತ್ತದೆ. ಹಾಗಾಗಿ ನಾವು ಒಂದು ಪ್ರತ್ಯೇಕ ಉಳಿತಾಯ ಖಾತೆ ತೆರೆದು, ಅದಕ್ಕೆ 350 ಪೌಂಡ್ ಮೂಲಧನ ಹಾಕಿ, ಸಂಬಳ ಬಂದ ಮರುದಿನ 150 ಪೌಂಡ್ ತಾನಾಗಿ ಹೋಗುವಂತೆ ಸ್ಟ್ಯಾಂಡಿಂಗ್ ಆರ್ಡರ್ ಕೊಟ್ಟಿದ್ದೇವೆ. ಚಳಿಗಾಲದಲ್ಲಿ ಅದರಿಂದ ತೆಗೆಯುತ್ತೇವೆ, ಬೇಸಿಗೆಯಲ್ಲಿ ಅದು ತುಂಬಿಕೊಳ್ಳುತ್ತದೆ. ಕಂಪನಿ ಮಾಡುತ್ತಿದ್ದ ಕೆಲಸವನ್ನೇ ನಾವು ಮಾಡಿದಂತಾಯಿತಲ್ಲ ಎಂದು ನನ್ನಾಕೆ ಕೇಳಿದ್ದು ಸರಿಯಾಗಿಯೇ ಇದೆ. ಬಡ್ಡಿಯೆಂದು ಸಿಗುವುದು ವರ್ಷಕ್ಕೆ ಕೆಲವೇ ಪೌಂಡ್, ಅದಕ್ಕಾಗಿ ಯಾರೂ ಬದಲಾಗಬೇಕಾಗಿಲ್ಲ. ವ್ಯತ್ಯಾಸವಿರುವುದು ಬೇರೆ ಕಡೆ: ಹಣ ನಮ್ಮ ಹೆಸರಿನಲ್ಲಿರುತ್ತದೆ, ಬಾಯ್ಲರ್ ಕೆಟ್ಟ ದಿನ ಕೈಗೆಟಕುತ್ತದೆ, ಮತ್ತು ಯಾವ ಗಣಕಯಂತ್ರವೂ ಅದನ್ನು 150ರಿಂದ 176ಕ್ಕೆ ಏರಿಸಲಾರದು. ಅದಕ್ಕಿಂತ ಮುಖ್ಯವಾಗಿ, ಕಡಿತವಾದ ಮೊತ್ತ ಮತ್ತು ಮಾಡಿದ ಬಳಕೆ ಒಂದಕ್ಕೊಂದು ತಾಳೆಯಾಗುತ್ತವೆ. ಹಿಂದೆ ಥರ್ಮೋಸ್ಟಾಟನ್ನು 21ರಿಂದ 19ಕ್ಕೆ ಇಳಿಸಿದ್ದರ ಫಲ ಖಾತೆಯ ಜಮೆಯಲ್ಲಿ ಎಲ್ಲೋ ಸೇರಿಹೋಗುತ್ತಿತ್ತು. ಈಗ ಫೆಬ್ರವರಿಯ ಬಿಲ್ಲಿನಲ್ಲಿ ನೇರವಾಗಿ ಕಾಣಿಸಿತು.

ಹಾಗೆಂದು ಇದನ್ನು ಎಲ್ಲರಿಗೂ ಶಿಫಾರಸು ಮಾಡಲಾರೆ. ಮುನ್ನೂರು ಪೌಂಡ್ ಬದಿಗಿಟ್ಟು ಮುಟ್ಟದೆ ಇರುವುದು ಸಾಧ್ಯವಿಲ್ಲದ ಮನೆಗಳಿಗೆ, ಹೊಸದಾಗಿ ಬಂದು ಡಿಪಾಸಿಟ್ಟು, ಮಂಚ, ಸೋಫಾ ಎಂದು ಕೈ ಬರಿದಾಗಿರುವವರಿಗೆ ನಿಗದಿತ ಮೊತ್ತವೇ ಸರಿ; ಅಂಥವರು ನವೆಂಬರ್‌ನಲ್ಲಿ ಬಳಸಿದಷ್ಟಕ್ಕೆ ಕಟ್ಟುವ ಪದ್ಧತಿಯನ್ನು ಆರಂಭಿಸಬಾರದು. ಆರಂಭಿಸುವುದಾದರೆ ಏಪ್ರಿಲ್ ಅಥವಾ ಮೇ ತಿಂಗಳು ಸೂಕ್ತ, ಮೊದಲ ಕೆಲವು ಬಿಲ್ಲುಗಳು ಹಗುರವಾಗಿರುವಾಗ ಉಳಿದದ್ದನ್ನು ಕೂಡಿಡಬಹುದು.

ಎರಡು ಬಗೆಗಳಿಗೂ ಅನ್ವಯಿಸುವ ಡೈರೆಕ್ಟ್ ಡೆಬಿಟ್ ಗ್ಯಾರಂಟಿಯನ್ನು ಮರೆಯಬಾರದು. ಮೊತ್ತ ಅಥವಾ ದಿನಾಂಕ ಬದಲಾಗುವುದಿದ್ದರೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳ ಮುಂಚೆ, ಅಥವಾ ನಾವು ಒಪ್ಪಿಕೊಂಡಿರುವ ಅವಧಿಯ ಪ್ರಕಾರ, ತಿಳಿಸಬೇಕು. ತಪ್ಪಾಗಿ ಕಡಿತವಾದರೆ ಬ್ಯಾಂಕು ಕೂಡಲೇ ಪೂರ್ತಿ ಹಣ ಮರಳಿಸಬೇಕು. ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕವೇ ರದ್ದು ಮಾಡಬಹುದು. ಈ ಮೂರನೆಯ ಹಕ್ಕನ್ನು ಸಿಟ್ಟಿನಲ್ಲಿ ಬಳಸುವವರು ಬಹಳ. ರದ್ದು ಮಾಡಿದರೆ ಬಾಕಿ ರದ್ದಾಗುವುದಿಲ್ಲ, ಕಂಪನಿಯು ನಮ್ಮನ್ನು ಬಿಲ್ಲು ಬಂದ ಮೇಲೆ ಕಟ್ಟುವವರ ದುಬಾರಿ ದರಕ್ಕೆ ವರ್ಗಾಯಿಸಬಹುದು. ಪದ್ಧತಿ ಬದಲಿಸಬೇಕೆಂದಿದ್ದರೆ ಬ್ಯಾಂಕಿನ ತಂಟೆಗೆ ಹೋಗದೆ ಕಂಪನಿಗೆ ಬರೆಯಬೇಕು: ಆ ದಿನದ ಎರಡೂ ಮೀಟರ್ ಅಂಕಿಗಳನ್ನು ಕೊಟ್ಟು, ಅಲ್ಲಿಯವರೆಗಿನ ಲೆಕ್ಕವನ್ನು ಸೊನ್ನೆಗೆ ತರುವಂತೆ ಕೇಳಿ, ಜಮೆಯಿದ್ದರೆ ವಾಪಸು ಪಡೆದು, ಬಾಕಿಯಿದ್ದರೆ ಕಟ್ಟಿ, ಆಮೇಲೆ ಹೊಸ ಪದ್ಧತಿಯನ್ನು ಆರಂಭಿಸಬೇಕು. ಕಡಿತದ ದಿನಾಂಕವನ್ನು ಸಂಬಳ ಬಂದ ನಂತರದ ದಿನಕ್ಕೆ ಇಟ್ಟುಕೊಳ್ಳಲು ಅದೇ ಪತ್ರದಲ್ಲಿ ಕೇಳಿಕೊಳ್ಳಬಹುದು.